ನಾಲ್ಕು ಪಾಲಾದ ಕಾದಂಬರಿ

ಅರವತ್ತು ದಾಟಿದ ನಾಲ್ಕು ಜನ ಒಂದು ದಪ್ಪ ಕಾದಂಬರಿಯ ಚರ್ಚೆ ಮಾಡೋಣ ಅಂತ ಶನಿವಾರ, ಭಾನುವಾರ ಸಾವನದುರ್ಗದ ಬುಡದಲ್ಲಿರುವ ಒಂದು ತೋಟದ ಮನೆಗೆ ಹೋದೆವು. ಏನಾಗಿರಬಹುದು, ಹೇಳಿ ನೋಡೋಣ? ಚರ್ಚೆ ಆಗಿರಬಹುದು ಅಂದಿರಾ? ಹಾಗಾದರೆ ನಿಮಗೆ ನಮ್ಮ ಗುಂಪಿನ ಪರಿಚಯ ಇಲ್ಲ. ನಾವು ಕೈ ಹಾಕಿದ ಕೆಲಸ ನೆಟ್ಟಗೆ ಮುಗಿದದ್ದೇ ಇಲ್ಲ. ಯೋಗ ಶಿಬಿರಕ್ಕೆ ಅಂತ ಹೊರಟರೆ ಮುದ್ದೆ ಉಂಡು ಮಲಗಿ ಬರುತ್ತೇವೆ. ನನಗಂತೂ ಸಾಕು ಸಾಕಾಗಿ ಹೋಗಿದೆ. ಆದರೂ ಕರೆದರೆ ಎಲ್ಲರಿಗಿಂತ ಮೊದಲು ಚೀಲ ಹಿಡಿದು ನಿಲ್ಲುವವನು ನಾನೇ.

ಹಿಸ್ಸೆ

ಕಾದಂಬರಿ ಹಳೆಯದು, ಈಗ ಅಚ್ಚಿನಲ್ಲಿಲ್ಲ. ಸಿಕ್ಕಿದ್ದು ಒಂದೇ ಪ್ರತಿ. ದಿಂಬಿನಷ್ಟು ದಪ್ಪ, ಹೊಲಿಗೆ ಬಿಟ್ಟಿತ್ತು. ಒಬ್ಬರಾದ ಮೇಲೆ ಒಬ್ಬರು ಓದುತ್ತ ಕೂತರೆ, ಕೊನೆಯವನ ಸರದಿ ಬರುವಷ್ಟರಲ್ಲಿ ಮೊದಲಿನವನು ಇರುತ್ತಾನೋ ಇಲ್ಲವೋ. ಆಗ ನಮ್ಮ ಮಾಗಡಿಯ ನಿವೃತ್ತ ಸರ್ವೆಯರ್ ದಾರಿ ತೋರಿಸಿದರು. "ಜಮೀನು ಹಿಸ್ಸೆ ಮಾಡ್ದಂಗೆ ಮಾಡ್ಬುಡಣ."

ಸ್ಕೇಲು ಇಟ್ಟು ದಪ್ಪ ಅಳೆದರು. ಅಧ್ಯಾಯ ಎಲ್ಲಿ ಮುಗಿಯುತ್ತದೆ ಅಂತ ನೋಡಲಿಲ್ಲ. "ಅಳತೆ ಎಲ್ಲಿಗೆ ಬರ್ತದೋ ಅಲ್ಲೇ ಕಲ್ಲು ನೆಡೋದು" ಅಂದು ನಾಲ್ಕು ಪಾಲು ಮಾಡಿಯೇಬಿಟ್ಟರು. ಚೀಟಿ ಎತ್ತಿದಾಗ ಮೊದಲ ಪಾಲು ನನಗೆ, ಎರಡನೆಯದು ಚನ್ನಪಟ್ಟಣದ ಬೊಂಬೆ ಅಂಗಡಿ ಸಾಹೇಬರಿಗೆ, ಮೂರನೆಯದು ಕನಕಪುರದ ನಿವೃತ್ತ ಪೋಸ್ಟ್‌ಮಾಸ್ಟರಿಗೆ, ಕೊನೆಯದು ಸರ್ವೆಯರಿಗೇ ಬಂತು.

ಪೋಸ್ಟ್‌ಮಾಸ್ಟರ ಪಾಲು ಮುಗಿದ ಜಾಗ ಕೇಳಿ. ತಾಯಿಯಿಲ್ಲದ ಹುಡುಗಿ. ಗೊತ್ತಾಗಿದ್ದ ಮದುವೆ ಮುರಿದುಬಿದ್ದಿದೆ. ಮುಸ್ಸಂಜೆಯಲ್ಲಿ ಕೆರೆ ಏರಿಯ ಮೇಲೆ ನಿಂತು ಗೆಳತಿಗೆ ಹೇಳುತ್ತಾಳೆ: 'ನಾನಿನ್ನು—'. ಅಷ್ಟೇ. ಅಲ್ಲಿಗೆ ಕಲ್ಲು ಬಂತು!

ಪೋಸ್ಟ್‌ಮಾಸ್ಟರಿಗೆ ಹೆಣ್ಣುಮಕ್ಕಳಿಲ್ಲ. ಆ ಹುಡುಗಿಯನ್ನು ಸ್ವಂತ ಮಗಳಂತೆ ಹಚ್ಚಿಕೊಂಡಿದ್ದರು. ಸರ್ವೆಯರಿಗೆ ದಿನಾ ಫೋನು. "ನೀರಿಗೆ ಬಿದ್ಳಾ, ಬದುಕಿದ್ಳಾ, ಅದೊಂದು ಹೇಳ್ಬುಡಿ." ಸರ್ವೆಯರದ್ದು ಒಂದೇ ಗತ್ತು: "ಚರ್ಚೆಗೆ ಮುಂಚೆ ಹೇಳೋ ಹಂಗಿಲ್ಲ." ಕೊನೆಗೆ ಪೋಸ್ಟ್‌ಮಾಸ್ಟರ ಹೆಂಡತಿಯೇ ನನಗೆ ಫೋನ್ ಮಾಡಿ ದನಿ ತಗ್ಗಿಸಿ ಕೇಳಿದರು: "ಯಾರಣ್ಣ ಅವ್ಳು? ಇವ್ರು ಊಟ ಬುಟ್ಬುಟ್ಟವ್ರೆ."

ಯಾರ ತಾತ?

ಶನಿವಾರ ಬೆಳಿಗ್ಗೆ ಚರ್ಚೆ ಶುರುವಾಯಿತು. ಮೊದಲ ಪಾಲಿನವನು ನಾನು. "ಈ ಹುಡುಗಿಯ ತಾತ ಮಹಾ ಕ್ರೂರಿ. ಆಳುಗಳನ್ನು ಕಂಬಕ್ಕೆ ಕಟ್ಟಿಸಿ ಹೊಡೆಸುತ್ತಾನೆ" ಅಂದೆ.

ಸಾಹೇಬರಿಗೆ ಕೋಪ ನೆತ್ತಿಗೇರಿತು. "ಬಾಯಿಗೆ ಬಂದಂಗೆ ಮಾತಾಡ್ಬೇಡಿ ಸ್ವಾಮಿ. ನಮ್ ತಾತ ಗುಬ್ಬಿಗೆ ಕಾಳು ಹಾಕ್ದೆ ಕಾಫಿ ಮುಟ್ಟಲ್ಲ."

"ನಿಮ್ಮ ಕೈಗೆ ಬಂದ ಮೇಲೆ ಮೆತ್ತಗಾಗಿರಬೇಕು."

"ಬಂದಾಗ್ಲೇ ಮೆತ್ತಗಿದ್ರು! ನೀವು ಓದ್ತಾ ಓದ್ತಾ ನಿದ್ದೆ ಮಾಡಿರ್ತೀರಿ."

ಮಧ್ಯಾಹ್ನದವರೆಗೆ ಕಿತ್ತಾಡಿ ಇಬ್ಬರಿಗೂ ಗಂಟಲು ಕಟ್ಟಿತು. ನೀವೇ ನ್ಯಾಯ ಹೇಳಿ ಅಂತ ಪೋಸ್ಟ್‌ಮಾಸ್ಟರ ಕಡೆ ತಿರುಗಿದೆವು. ಅವರು ನಿಟ್ಟುಸಿರು ಬಿಟ್ಟು ಅಂದರು: "ನಂಗೇನ್ ಗೊತ್ತು? ನನ್ ಪಾಲಲ್ಲಿ ಬರೀ ಅವ್ನ ತಿಥಿ ಐತೆ. ವಡೆ ಚೆನ್ನಾಗಿತ್ತಂತೆ."

ಒಳಗೆ ಹೋದ ಪಾಯಸ

ಭಾನುವಾರ ಕೊನೆಯ ಪಾಲು. ತೋಟದ ಮನೆಯ ಅಡುಗೆಯಾಕೆ ಶಾವಿಗೆ ಪಾಯಸಕ್ಕೆ ಏಲಕ್ಕಿ ಹಾಕಿದ್ದಳು. ಘಮ ಜಗುಲಿಗೆ ಬರುತ್ತಿತ್ತು. ಸರ್ವೆಯರ್ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. "ಹುಡುಗಿ ತೀರ್ಕೊಂಡ್ಳು" ಅಂದು ಕೂತರು.

ಪೋಸ್ಟ್‌ಮಾಸ್ಟರ್ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರನ್ನು ನೋಡಿ ಸಾಹೇಬರೂ ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅಡುಗೆಯಾಕೆ ಸರಸರ ಹೋಗಿ ಪಾಯಸದ ಪಾತ್ರೆ ಒಳಗಿಟ್ಟಳು.

"ಇದೇನಮ್ಮ, ಅವಳು ಪುಸ್ತಕದವಳು" ಅಂದೆ ನಾನು.

"ಬುಕ್ಕಿನೋಳೇ ಇರ್ಲಿ ಸ್ವಾಮಿ. ಹಿಂಗೆ ಅಳೋ ಮನೇಲಿ ಸಿಹಿ ಬಡಿಸಕ್ಕಾಯ್ತದಾ? ತಿಳಿಸಾರು ಐತೆ, ಉಣ್ಣಿ."

ನನಗೆ ಹಸಿವು, ಮೇಲೆ ಸುಸ್ತು. "ಹೇಗೆ ಸತ್ತಳು, ಒಸಿ ವಿವರವಾಗಿ ಹೇಳ್ರೀ" ಅಂತ ಸರ್ವೆಯರಿಗೆ ಗಂಟುಬಿದ್ದೆ. ಅವರು ಬೆಟ್ಟ ನೋಡಿದರು, ಚಾವಣಿ ನೋಡಿದರು. ಕೊನೆಗೆ ಬಾಯಿಬಿಟ್ಟರು: "ನಾನು ಓದಿಲ್ಲ ಸಾರ್. ಹಿಂದಿನ ಕತೆ ಗೊತ್ತಿಲ್ದೆ ತಲೆಬುಡ ತಿಳೀಲಿಲ್ಲ. ಇಷ್ಟು ದಪ್ಪ ಪುಸ್ತಕ, ಕೊನೇಲಿ ಒಬ್ರಾದ್ರೂ ಸಾಯ್ದೆ ಇರ್ತಾರಾ?"

ಸಂಬಂಧ

ಪೋಸ್ಟ್‌ಮಾಸ್ಟರ್ ಆ ಪಾಲು ಕಸಿದುಕೊಂಡರು. ಕನ್ನಡಕ ಒರೆಸಿ ಮೊದಲ ಸಾಲು ಓದಿದರು: '—ಮನೆಗೆ ಹೊರಡುತ್ತೇನೆ. ದೋಸೆಗೆ ಅಕ್ಕಿ ನೆನೆಹಾಕಬೇಕು.'

ಸಂಜೆಯ ಹೊತ್ತಿಗೆ ಪೂರ್ತಿ ಓದಿ ಮುಗಿಸಿ ಕತೆ ಹೇಳಿದರು. ಹುಡುಗಿ ಸಾಯುವುದಿಲ್ಲ. ಟೀಚರಾಗಿ ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಮದುವೆಯಾಗುವುದಿಲ್ಲ, ಅಷ್ಟೇ. ಪಾಯಸ ಹೊರಗೆ ಬಂತು. ನಾವೆಲ್ಲ ಬಟ್ಟಲು ಬಳಿದೆವು. ಪೋಸ್ಟ್‌ಮಾಸ್ಟರ್ ಮಾತ್ರ ಮಂಕಾಗಿ ಕೂತಿದ್ದರು. "ಕೆಲಸ ಐತೆ, ಗುಣ ಐತೆ. ಬರೆದೋನು ಒಂಟಿಯಾಗೇ ಬುಟ್ಬುಟ್ನಲ್ಲ!"

ಅಡುಗೆಯಾಕೆ ನಗುತ್ತ, "ಕೊರಗ್ಬೇಡಿ ಅಣ್ಣ. ಕೋಡಿಹಳ್ಳೀಲಿ ನಮ್ ತಮ್ಮ ಅವ್ನೆ, ಅವ್ನಿಗೂ ಹೆಣ್ಣು ಸಿಕ್ಕಿಲ್ಲ. ಕೊಟ್ಬುಡಿ" ಅಂದಳು.

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪೋಸ್ಟ್‌ಮಾಸ್ಟರ್ ನಗಲಿಲ್ಲ. ಬಟ್ಟಲು ಕೆಳಗಿಟ್ಟು, "ಹುಡುಗ ಕುಡೀತಾನಾ?" ಅಂದರು.

"ಇಲ್ಲಣ್ಣ. ಹಸ ಕಟ್ಟವ್ನೆ, ಡೇರಿಗೆ ಹಾಲು ಹಾಕ್ತಾನೆ."

ಪೋಸ್ಟ್‌ಮಾಸ್ಟರ ಮುಖ ಅರಳಿತು. "ಆಗ್ಬೋದು. ಆದ್ರೆ ಈಗ ಧನುರ್ಮಾಸ, ಮದುವೆ ಮಾತು ಎತ್ತೋ ಹಂಗಿಲ್ಲ. ಅದು ಕಳೆದ್ಮೇಲೆ ಅವಳನ್ನೂ ಒಂದ್ ಮಾತು ಕೇಳಿ ಹೇಳ್ತೀನಿ."

ಅವತ್ತು ಭಾನುವಾರ, ಧನುರ್ಮಾಸದ ಕಡೇ ದಿನ. ಬೆಳಗಾದರೆ ಸಂಕ್ರಾಂತಿ.