ಆ ಜೆಲ್ ಮಾಡಿದಾಂವ ನಾನು

ನಾ ಮಾಡಿದ ಕೆಲಸಕ್ಕ ಬ್ಯಾರೆಯವರ ಹೆಸರು ಅಂಟೋದು ಒಂದಿನದ ಮಾತಲ್ಲ, ಜಲ್ಮಪೂರ್ತಿ ನಡದದ. ನೆನಸಿದ್ರ ಇವತ್ತಿಗೂ ಮೈ ಉರೀತದ. ಅದರಾಗ ಜೆಲ್ಲಿನ ಸಂಗತಿ ಅಂತೂ ಕೇಳಬ್ಯಾಡ್ರಿ. ಬ್ಯಾಡ ಅಂದ್ರೂ ಹೇಳ್ತೀನಿ.

೧. ಗಂಟು

ಕಾಲುವಿ ಬಂದು ಶಹಾಪುರದ ಕಡಿ ಎಲ್ಲಾರೂ ನೆಲ್ಲು ಹಚ್ಚಿದ್ರು. ಕಾಲುವಿ ತುದಿಯ ಹೊಲಕ್ಕ ಮಾತ್ರ ನೀರು ಮುಟ್ಟಲಿಲ್ಲ. ಅಲ್ಲಿಯ ಗಿಡದ ಬೇರಿಗೆ ಇಡಾಕ, ನೀರು ಹಿಡಕೊಂಡು ಕೂಡೋ ಜೆಲ್ ಮಾಡ್ತೀನಿ ಅಂತ ಒಬ್ಬ ಸಾಹೇಬ ನಮ್ಮ ಬೇಸಾಯದ ಕಚೇರಿಗೆ ಬಂದ. ನಾ ಅಲ್ಲಿ ಕಸ ಹೊಡೆಯಾಂವ.

ಎಣ್ಣಿ, ಸಬಕಾರದಂಥ ನೊರಿ ನೀರು, ಚವಳಿಕಾಯಿ ಬೀಜದ ಹಿಟ್ಟು, ಸಮುದ್ರದ ಪಾಚಿ ಪುಡಿ, ಇಷ್ಟ ಸಾಮಾನು. ಎಂಟು ದಿನ ಕಲಸಿದ. ಎಂಟೂ ದಿನ ಗಂಟು! ಒಂದೊಂದು ಗಂಟು ವನದುರ್ಗದ ಕ್ವಾಟಿ ಕಲ್ಲಿನಷ್ಟು. ಆನಿ ತುಳಿದ್ರೂ ಒಡೀತಿದ್ದಿಲ್ಲ.

ನನಗ ಸಿಟ್ಟು ತಡೀಲಿಲ್ಲ. "ಸಾಹೇಬ್ರ, ನಿಮ್ಮ ಮನ್ಯಾಗ ಕಡ್ಲಿ ಹಿಟ್ಟಿನ ಝುಣಕ ಗಂಟಾಗದಂಗ ಯಾರು ಮಾಡ್ತಾರ?"

"ನಮ್ಮ ಮನಿಯಾಕಿ. ಯಾಕ್ ಮುತ್ಯಾ?"

"ಅವರನ್ನ ಇಲ್ಲಿ ಕಳಸ್ರಿ, ನೀವು ಮನಿಗೆ ಹೋಗ್ರಿ."

ಹಿಟ್ಟು ಮೊದಲ ಎಣ್ಣ್ಯಾಗ ಕಲಸಿದೆ, ಆಮ್ಯಾಲ ಕುದಿಯೋ ನೊರಿ ನೀರಿಗೆ ಸುರುವಿ ಗರಗರ ತಿರುವಿದೆ. ಒಂದು ಗಂಟಿಲ್ಲ, ಹಾಲಿನ ಕೆನಿಯಂಗ ನುಣ್ಣಗ! ಮರುದಿನ ಸಾಹೇಬ ಫೋನಿನ್ಯಾಗ ಹೇಳಾಕತ್ತಾನ: "ಹೊಸಾ ಪದ್ಧತಿ ಕಂಡು ಹಿಡದೀನಿ ಸರ್. ಎಂಟು ದಿನ ನಿದ್ದಿ ಇಲ್ಲ."

ನಿದ್ದಿ ಇಲ್ಲಂತ! ಕುರ್ಚಿ ಮ್ಯಾಲ ಗೊರಕಿ ಹೊಡೀತಿದ್ದ ಆ ತಲಿ ಕೆಳಗ ದಿಂಬು ಇಟ್ಟಾಂವ ನಾನು.

೨. ಮೆಣಸಿನ ಗಿಡ

ಅವತ್ತ ಹಟ ಹಿಡದೆ. ನಾಕು ಮಂದಿ ಮುಂದ, ಈ ಸಾಹೇಬನ ಬಾಯಿಲೆನ, "ಇದು ಮುತ್ಯಾ ಮಾಡಿದ್ದು" ಅಂತ ಬರಬೇಕು.

ಹುಣಸಗಿ ಕಡಿ ಒಂದು ಹೊಲದಾಗ ಮೆಣಸಿನ ಸಸಿ ಬುಡಕ್ಕ ನನ್ನ ಜೆಲ್ ಇಟ್ವಿ. ಇಪ್ಪತ್ತು ದಿನ ನೀರಿಲ್ಲ. ಆದ್ರೂ ಗಿಡ ಹೆಂಗ ಬೆಳದಾವ ಅಂದ್ರ, ನೆರಳಿಗೆ ಎಮ್ಮಿ ಬಂದು ಮಲಗಿದ್ವು. ರೈತ ಕೈ ಮುಗದು, "ಇದನ್ನ ಮಾಡಿದ ಪುಣ್ಯಾತ್ಮರು ಯಾರ್ರಿ?" ಅಂದ.

ನಾ ಬಾಯಿ ತೆಗಿಯೋದ್ರಾಗ ಸಾಹೇಬ, "ಮುತ್ಯಾ, ಎಲ್ಲಾರಿಗೂ ಚಾ ತಗೊಂಡು ಬಾ" ಅಂದ. ಚಾ ತರೋದ್ರಾಗ ಪುಣ್ಯಾತ್ಮನ ಕೊಳ್ಳಾಗ ಹಾರ ಬಿದ್ದಿತ್ತು.

ಮನಿಗೆ ಬಂದು ಕೂಗಾಡಿದೆ. ನಮ್ಮ ಮುದುಕಿ ರೊಟ್ಟಿ ಬಡಕೋತ, "ಹೌದೌದು, ನೀವ ಮಾಡೀರಿ. ಆ ಕಾಲುವಿನೂ ನೀವ ತೋಡೀರಿ" ಅಂದ್ಳು.

ಅರ್ಧಾ ನಾನ ತೋಡೀನಿ. ಅದನ್ನೂ ಆಕಿ ನಂಬಲಿಲ್ಲ.

೩. ಬಿಳೀ ತುಂಡು

ಜೆಲ್ ನೋಡಾಕ ಮ್ಯಾಲಿಂದ ದೊಡ್ಡ ಸಾಹೇಬ ಬರ್ತಾನ ಅಂತಾತು. ನಾ ಜೆಲ್ಲನ್ನ ಸ್ಟೀಲಿನ ತಾಟಿಗೆ ಸುರುವಿ, ಗಟ್ಟಿ ಆದ ಮ್ಯಾಲ ಚೌಕ ಚೌಕ ಕೊಯ್ದು ಮೇಜಿನ ಮ್ಯಾಲ ಇಟ್ಟೆ. ನಮ್ಮ ಕಡಿ ಯಾರ ಮನಿ ಎಮ್ಮಿ ಈದ್ರೂ ಕಚೇರಿಗೆ ಒಂದು ತಾಟು ಗಿಣ್ಣ, ಇಂಥವ ಬಿಳೀ ಚೌಕ ತುಂಡು, ಬರೋದು ವಾಡಿಕಿ. ದೊಡ್ಡ ಸಾಹೇಬನೂ ಯಾದಗಿರಿ ಕಡ್ಯಾಂವನ. ಒಳಗ ಬಂದಾಂವ ತಾಟು ನೋಡಿ, "ಅರೇ, ಯಾರ ಎಮ್ಮಿ ಈದದ?" ಅಂದವನ ಎರಡು ತುಂಡು ಒಮ್ಮಿಗೆ ಬಾಯಾಗ ಒಗದ.

ಮಾತಾಡಾಕ ಬಾಯಿ ತೆಗದ, ನೊರಿ ಬಂತು. ಬಾಯಿ ಮುಕ್ಕಳಿಸಿದ, ಎರಡರಷ್ಟು ಬಂತು. ಗುಳ್ಳಿ ಮ್ಯಾಲ ಗುಳ್ಳಿ! ಒಂದು ಗುಳ್ಳಿ ಕಿಟಕಿಯಿಂದ ಹಾರಿ ಸುರಪುರದ ಬಸ್ಸಿನ ಮ್ಯಾಲ ಕೂತು ಹೋತು. ಕಣ್ಣಾರೆ ನೋಡೀನಿ.

ಕಚೇರಿ ಮಂದಿಯೆಲ್ಲ ಓಡಿ ಬಂದ್ರು. ದೊಡ್ಡ ಸಾಹೇಬ ಮೇಜು ಗುದ್ದಿ, "ಯಾವ ಹರಾಮ್‌ಖೋರ ಮಾಡ್ಯಾನ ಇದನ್ನ?" ಅಂತ ಚೀರಿದ.

ನಮ್ಮ ಸಾಹೇಬ ನನ್ನ ಕಡಿ ಬಟ್ಟು ಮಾಡಿದ. "ಮುತ್ಯಾ ಮಾಡಿದ್ದು ಸರ್! ಕಲಸಿದ್ದೂ ಅವನ, ತಿರುವಿದ್ದೂ ಅವನ. ನಾ ಮುಟ್ಟೇ ಇಲ್ರೀ!"

ನಾ ರುಮಾಲು ಸರಿ ಮಾಡಿಕೊಂಡು ಮುಂದ ಬಂದೆ. "ದೊಡ್ಡ ಸಾಹೇಬ್ರ, ಈ ಮಾತನ್ನ ಈಗಿಂದೀಗ ಕಾಗದದ ಮ್ಯಾಲ ಬರಸ್ರಿ. ಹೆಬ್ಬೆಟ್ಟು ನಾನ ಒತ್ತತೀನಿ!"