ಸಂಡಿಗೆ ಒಣಗಿದ್ದ ತಾರಸಿಗೆ ಆಷಾಢ ಬಳಿದ ಬಗ್ಗೆ

ಸಂಖ್ಯೆ: ಋಬವಿ/ಮಳೆ/ತಾರಸಿ/17
ದಿನಾಂಕ: ಕಚೇರಿಯಲ್ಲಿ ವೈಶಾಖ, ಚಿತ್ರದಲ್ಲಿ ಆಷಾಢ

ವಿಷಯ: ಚಿತ್ರೀಕರಣ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಋತು ಬದಲಿಸುವಾಗ ಪಾಲಿಸಬೇಕಾದ ಕ್ರಮಗಳು.

ಉಲ್ಲೇಖ: ಮೂಡಲಪಾಳ್ಯದ ಶ್ರೀಮತಿ ಮುನಿತಾಯಮ್ಮನವರ ಮೌಖಿಕ ದೂರು (ಒಂದೂವರೆ ಗಂಟೆ).

ಪ್ರಸ್ತಾವನೆ: ಮುನಿತಾಯಮ್ಮನವರು ಇಪ್ಪತ್ತೆರಡು ಬೇಸಿಗೆಗಳಿಂದ ಬೀದಿಗೆಲ್ಲ ಅರಳು ಸಂಡಿಗೆ ಹಾಕಿಕೊಡುತ್ತಿದ್ದು, ಒಂದು ತುಂಡು ಮೋಡ ಕಂಡರೂ ಅರಳು ನೆನೆಹಾಕದವರೆಂಬ ಹೆಸರು ಪಡೆದಿರುತ್ತಾರೆ. ಕಳೆದ ವರ್ಷದ ಚೈತ್ರದಲ್ಲಿ ಪಕ್ಕದ ರಸ್ತೆಯಲ್ಲಿ ಚಿತ್ರೀಕರಣ ನಡೆದಾಗ ಅವರ ತಾರಸಿಯೂ, ತಾರಸಿಯ ಮೇಲಿನ ಹಳೆ ಪಂಚೆಯೂ, ಪಂಚೆಯ ಮೇಲಿನ ಸಂಡಿಗೆಯೂ ಹಿನ್ನೆಲೆಯಲ್ಲಿ ಸೇರಿಹೋಗಿವೆ. ನಾಯಕಿ ಬಿಟ್ಟುಹೋಗುವ ದೃಶ್ಯಕ್ಕೆ ಬಿಸಿಲು ಒಗ್ಗದೆಂದು ನಿರ್ದೇಶಕ ಶ್ರೀ ಸುಘೋಷ್ ಹಟ ಹಿಡಿದ ಕಾರಣ, ಬಸವೇಶ್ವರನಗರದ ಸ್ಟುಡಿಯೋದಲ್ಲಿ ಬಣ್ಣ ತಿದ್ದುವ ಕು. ಚೇತನಾ ಅವರು ಬಿಸಿಲು ಇಳಿಸಿ, ಮೋಡ ಏರಿಸಿ, ಮಳೆ ಸುರಿಸಿರುತ್ತಾರೆ. ಸಂಡಿಗೆಯನ್ನು ಮಾತ್ರ ಯಾರೂ ಒಳಗೆ ತೆಗೆದಿಟ್ಟಿರುವುದಿಲ್ಲ.

ಟ್ರೇಲರ್ ಬಂದ ದಿನವೇ ಎದುರುಮನೆಯ ಶಂಕ್ರವ್ವನವರು ಅದನ್ನು ಮೊಬೈಲಿನಲ್ಲಿ ಮನೆಮನೆಗೂ ತೋರಿಸಿ, "ಮಳೇಲಿ ನೆನೆದಿದ್ದನ್ನೇ ನಮಗೆ ಕೊಟ್ಟವ್ಳೆ ಕಣ್ರಮ್ಮ, ಬೂಷ್ಟು ಬರ್ದೆ ಇನ್ನೇನು" ಎಂದಿರುವುದು ದೃಢಪಟ್ಟಿದೆ. ಈ ಬೇಸಿಗೆ ಒಂದು ಮನೆಯವರೂ ಸಂಡಿಗೆ ಹಾಕಿಸಿರುವುದಿಲ್ಲ. "ಬಿಸ್ಲು ನಂದು ಸ್ವಾಮಿ, ಆ ಮಳೆ ನಂದಲ್ಲ" ಎಂದು ಮುನಿತಾಯಮ್ಮನವರು ಈ ಋತು ಬದಲಾವಣೆ ವಿಭಾಗದ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಕಾರಣ ಕೇಳಿದ ನೋಟಿಸಿಗೆ ಚೇತನಾ ಅವರ ಉತ್ತರ: "ಸಾರ್, ಮಲ್ಲಿಗೆ ಉದುರಿದೆ ಅಂದ್ಕೊಂಡೆ. ಹೊಳೀಲಿ ಅಂತ ಒಂಚೂರು ಜಾಸ್ತೀನೇ ಒದ್ದೆ ಮಾಡ್ದೆ."

ಆದ್ದರಿಂದ ಈ ಕೆಳಗಿನಂತೆ ವಿಧಿಸಲಾಗಿದೆ:

1. ಮಳೆ ಸುರಿಸುವ ಮುನ್ನ ಹಿನ್ನೆಲೆಯ ತಾರಸಿಗಳಲ್ಲಿ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಇದ್ದಲ್ಲಿ ಮೊದಲು ಎತ್ತಿಡುವುದು, ಆಮೇಲೆ ಮಳೆ.

2. ಚಳಿಗಾಲಕ್ಕೆ ಬದಲಿಸಿದ ದೃಶ್ಯದಲ್ಲಿ ಎಳನೀರು ಕುಡಿಯುತ್ತಿರುವವರಿಗೆ ಕಂಪ್ಯೂಟರಿನಲ್ಲೇ ಸ್ವೆಟರ್ ತೊಡಿಸತಕ್ಕದ್ದು. ನೆಗಡಿಯಾದಲ್ಲಿ ನಿರ್ಮಾಪಕರೇ ಹೊಣೆ.

3. ಮಳೆ ಸೇರಿಸಿದ ಮೇಲೂ ವಿಜಯನಗರದಲ್ಲಿ ಆಟೋದವರು ಕರೆದ ಕಡೆಗೆ ಬರುತ್ತಿರುವುದು ಕಂಡುಬಂದರೆ, ಆ ದೃಶ್ಯವನ್ನು ಸಂಪೂರ್ಣ ಕಾಲ್ಪನಿಕವೆಂದು ಘೋಷಿಸತಕ್ಕದ್ದು.

4. ವಸಂತ ತರುವುದಾದಲ್ಲಿ ಸ್ಥಳೀಯ ಕೋಗಿಲೆಗೆ ಮೂರು ದಿನ ಮುಂಚೆ ತಿಳಿವಳಿಕೆ ಪತ್ರ ನೀಡತಕ್ಕದ್ದು. ಸಹಿ ಬಾರದಿದ್ದಲ್ಲಿ ಉಗುರಿನ ಗುರುತು ಸಾಕು.

5. ಮುನಿತಾಯಮ್ಮನವರ ತಾರಸಿಯ ಹದಿನಾಲ್ಕು ಅಡಿ ಉದ್ದ, ಹತ್ತು ಅಡಿ ಅಗಲದ ಬಿಸಿಲನ್ನು ಏಳು ದಿನದೊಳಗೆ ಅವರಿಗೆ ಹಿಂದಿರುಗಿಸತಕ್ಕದ್ದು. ಉಳಿದ ಮೂಡಲಪಾಳ್ಯಕ್ಕೆ ಮಳೆ ಯಥಾಪ್ರಕಾರ. ಇದನ್ನು ಯಾರೂ ನಂಬುವುದಿಲ್ಲವೆಂಬ ನಿರ್ದೇಶಕರ ಆಕ್ಷೇಪಣೆಯನ್ನು, ಅವರು ಬೆಂಗಳೂರಿಗೆ ಹೊಸಬರಿರಬಹುದೆಂದು ಭಾವಿಸಿ ತಳ್ಳಿಹಾಕಲಾಗಿದೆ.

ಸಹಿ/-
(ಶಂಭುಲಿಂಗಪ್ಪ)
ಉಪ ನಿರ್ದೇಶಕರು, ಬಿಸಿಲು
(ಮಳೆ: ಹೆಚ್ಚುವರಿ ಪ್ರಭಾರ)

ಪ್ರತಿಗಳು:
1. ಕು. ಚೇತನಾ: ಮಲ್ಲಿಗೆಗೂ ಸಂಡಿಗೆಗೂ ಇರುವ ವ್ಯತ್ಯಾಸ ತಿಳಿಯಲು, ದೂರುದಾರರು ಕರಿದು ತಂದ ಮಾದರಿಯೊಂದಿಗೆ. ಮಾದರಿಯನ್ನು ಸಿಬ್ಬಂದಿ ಮೂರು ಸುತ್ತು ಪರಿಶೀಲಿಸಿರುವುದರಿಂದ ಸದ್ಯ ಪೊಟ್ಟಣ ಮಾತ್ರ.
2. ಶ್ರೀಮತಿ ಶಂಕ್ರವ್ವ: ತಿದ್ದಿದ ಟ್ರೇಲರನ್ನು ಅದೇ ಮನೆಗಳಿಗೆ, ಅಷ್ಟೇ ಉತ್ಸಾಹದಿಂದ ತೋರಿಸಿ ವರದಿ ಸಲ್ಲಿಸಲು.
3. ಶ್ರೀಮತಿ ಮುನಿತಾಯಮ್ಮ: ಮಾಹಿತಿಗಾಗಿ. ಸಿಬ್ಬಂದಿಯ ಹನ್ನೊಂದು ಖಾಲಿ ಡಬ್ಬಗಳನ್ನು, ಹೆಸರು ಬರೆದು, ಇದರೊಂದಿಗೆ ಲಗತ್ತಿಸಿದೆ.