ಗೋಡೆಗೆ ನೇತುಹಾಕಿದ ಜಾತಕದ ಮರ

ಆಗ ನಾನು ಹಾಸನದಲ್ಲಿ ಗಣಿತ ಕಲಿಸುತ್ತಿದ್ದೆ. ಜಾತಕಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಅವುಗಳನ್ನು ಸರಿಯಾಗಿ ಜೋಡಿಸಿಡಬಲ್ಲೆ ಎಂಬ ನಂಬಿಕೆ ಮಾತ್ರ ಧಾರಾಳವಾಗಿತ್ತು.

ಹೊಳೆನರಸೀಪುರದ ನನ್ನ ಮಾವನವರಿಗೆ ಬಟ್ಟೆ ಅಂಗಡಿ. ಜೊತೆಗೆ ಬಳಗದವರಿಗೆ ಸಂಬಂಧ ಕುದುರಿಸುವ ಹವ್ಯಾಸ. ಬಂದ ಹೆಣ್ಣುಮಕ್ಕಳ ಜಾತಕಗಳನ್ನೆಲ್ಲ ಒಂದೇ ತಂತಿಗೆ ಚುಚ್ಚಿಡುತ್ತಿದ್ದರು. ಒಂದು ಬೇಕೆಂದರೆ ಇಡೀ ತಂತಿ ಇಳಿಸಬೇಕು. ಆ ಶನಿವಾರ ನನ್ನ ನಾದಿನಿ ಶಾಂತಳ ಜಾತಕ ಒಯ್ಯಲು ಅರಕಲಗೂಡಿನಿಂದ ಹುಡುಗನ ದೊಡ್ಡಪ್ಪ ಬರುವವರಿದ್ದರು. ಅವರಿಗೆ ಮರುದಿನ ಚನ್ನರಾಯಪಟ್ಟಣದಲ್ಲಿ ಇನ್ನೊಂದು ಹುಡುಗಿಯನ್ನು ನೋಡುವುದಿತ್ತು. ನಾಲ್ಕು ಗಂಟೆಯ ಬಸ್ಸಿಗೆ ಜಾತಕ ಹೋಗದಿದ್ದರೆ ಸಂಬಂಧವೂ ಹೋದಂತೆಯೇ.

ಬೆಳಿಗ್ಗೆಯೇ ಕಾರ್ಯಪ್ರವೃತ್ತನಾದೆ. ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳುವ ಮರವೊಂದನ್ನು ರಷ್ಯದ ಇಬ್ಬರು ಗಣಿತಜ್ಞರು ಕಂಡುಹಿಡಿದದ್ದನ್ನು ಮೈಸೂರಿನಲ್ಲಿ ಒಂದು ಲೇಖನದಲ್ಲಿ ಓದಿದ್ದೆ. ಅದು ಗಣಕಯಂತ್ರಕ್ಕೆಂದು ಮಾಡಿದ್ದು. ನನ್ನ ಬಳಿ ಇದ್ದದ್ದು ಗೋಡೆ, ಮೊಳೆ, ಅಂಗಡಿಯ ದಾರ. ಮೇಲೊಂದು ಜಾತಕ, ಅದಕ್ಕೆ ಎರಡು ದಾರದ ಕೈ. ಅಕ್ಷರಮಾಲೆಯಲ್ಲಿ ಮೊದಲು ಬರುವ ಹೆಸರು ಎಡಗೈಗೆ, ನಂತರದ್ದು ಬಲಗೈಗೆ. ಕೆಳಗಿನವಕ್ಕೂ ಹೀಗೆಯೇ; ಮೇಲಿನದು ತಾಯಿ, ಅದರ ಕೈಗೆ ನೇತಾಡುವುದು ಮಗಳು. ಒಂದು ಮಗ್ಗುಲು ಇನ್ನೊಂದಕ್ಕಿಂತ ಎರಡು ಮೆಟ್ಟಿಲು ಹೆಚ್ಚು ಇಳಿಬಿದ್ದರೆ, ಆ ಕಡೆಯ ಮಗಳನ್ನು ಮೇಲೇರಿಸಿ ತಾಯಿಯನ್ನು ಅವಳ ಕೈಗೆ ಕಟ್ಟಬೇಕು. ಮರ ನೆಟ್ಟಗಾಗುತ್ತದೆ.

"ಮಗಳ ಆ ಕೈಯಲ್ಲಿ ಮೊದಲೇ ಇದ್ದ ಕೊಂಬೆ ಎಲ್ಲಿಗೆ ಹೋಗ್ತದೆ?" ಎಂದು ನನ್ನ ಹೆಂಡತಿ ಗೌರಿ ಕೇಳಿದಳು.

ಅದರ ಬಗ್ಗೆ ಲೇಖನದಲ್ಲಿ ಏನೋ ಇತ್ತು. ಅಥವಾ ಇರಲಿಲ್ಲ. "ಅದೆಲ್ಲ ಸಣ್ಣ ವಿವರ" ಎಂದು, ಮೂರು ಜಾತಕಗಳ ಆ ಕೊಂಬೆಯನ್ನು ತಾತ್ಕಾಲಿಕವಾಗಿ ಒಂದು ಕಡೆ ಇಟ್ಟೆ. ಮರ ಎಷ್ಟು ಚೆನ್ನಾಗಿ ನಿಂತಿತೆಂದರೆ, ಇಟ್ಟದ್ದನ್ನೇ ಮರೆತೆ.

ದೊಡ್ಡಪ್ಪ ಬಂದರು. ಶಾಂತಾ ಕಾಫಿ ಕೊಟ್ಟು ಒಳಗೆ ಹೋದಳು. ಮಾವನವರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. ನಾನು ಗಂಟಲು ಸರಿಮಾಡಿಕೊಂಡು ಶಾಂತಳ ಹೆಸರು ಹುಡುಕುತ್ತ ಮೇಲಿನಿಂದ ಹೊರಟೆ. ಮಂಗಳಾ: ಬಲಕ್ಕೆ. ಸರೋಜಾ: ಎಡಕ್ಕೆ. ವಿಮಲಾ: ಬಲಕ್ಕೆ. ಅಲ್ಲಿ ಬರಿಯ ದಾರ ತೂಗುತ್ತಿತ್ತು.

ಮೂರು ಸಲ ಇಳಿದೆ. ಮೂರು ಸಲವೂ ಅದೇ ದಾರ. ಗಣಿತವನ್ನು ಅನುಮಾನಿಸುವಂತಿರಲಿಲ್ಲ. "ಈ ಕ್ರಮದ ಪ್ರಕಾರ ಶಾಂತಾ ಎಂಬ ಹುಡುಗಿಯೇ ಇಲ್ಲ" ಎಂದು ಘೋಷಿಸಿದೆ!

ದೊಡ್ಡಪ್ಪ ಲೋಟ ಕೆಳಗಿಟ್ಟರು. "ಅಂಗಾರೆ ಈಗ ಕಾಪಿ ಕೊಟ್ಟೋಳು ಯಾರು ಸಾ?"

ಮಾವನವರು ಗಡಿಯಾರ ನೋಡಿದರು. ನಾಲ್ಕಕ್ಕೆ ಹತ್ತು ನಿಮಿಷ. ಆಗ ಬಾಗಿಲ ಹಿಂದಿನಿಂದ ಅತ್ತೆಯವರ ದನಿ ಬಂತು. ಆ ಮನೆಯಲ್ಲಿ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವುದಿಲ್ಲ. ಅಳಿಯನ ತಪ್ಪು ತೋರಿಸುವುದಂತೂ ಇಲ್ಲವೇ ಇಲ್ಲ.

"ಗೌರೀ, ಅಳಿಯಂದ್ರ ಕೋಟಿನ ಜೇಬು ನೋಡವ್ವ. ಬೆಳಿಗ್ಗೆ ಮೂರು ಜಾತಕ ಅದ್ರೊಳಕ್ಕೆ ಓದ್ವು."

"ಆಗ್ಲೇ ಏಳಬಾರ್ದಾಗಿತ್ತಾ ಅವ್ವ?"

"ಓದಿದೋರು. ಲೆಕ್ಕದಲ್ಲಿ ಅಂಗೇ ಇರಬೈದು ಅನ್ಕಂಡೆ ಕಣೆ."

ಗೌರಿ ಕೋಟಿನಿಂದ ಶಾಂತಳನ್ನು ಹೊರತೆಗೆದಳು. ದೊಡ್ಡಪ್ಪ ಬಸ್ಸಿಗೆ ಓಡಿದರು. ಜಾತಕ ಕೂಡಿತು, ಮದುವೆಯೂ ಆಯಿತು. ಮಾವನವರು ಮಾತ್ರ ಮರುದಿನವೇ ನನ್ನ ಮರ ಬಿಚ್ಚಿ ತಂತಿಗೆ ಮರಳಿದರಂತೆ; ಮರ್ಯಾದೆಗಾಗಿ ನಾನು ಹಾಸನದ ಬಸ್ಸು ಹತ್ತುವವರೆಗೆ ಕಾದಿದ್ದರು.

ಆ ಕೊಂಬೆಯ ವಿಷಯ ಲೇಖನದಲ್ಲಿ ಇರಲೇ ಇಲ್ಲ ಎಂದು ವರ್ಷಗಟ್ಟಲೆ ವಾದಿಸಿದೆ. ಮೊನ್ನೆ ನನ್ನ ಹಳೆಯ ಟಿಪ್ಪಣಿ ಪುಸ್ತಕ ಸಿಕ್ಕಿತು. "ಉಳಿದ ಕೊಂಬೆಯನ್ನು ತಾಯಿಯ ಖಾಲಿಯಾದ ಕೈಗೆ ಕಟ್ಟತಕ್ಕದ್ದು" ಎಂದು ಸ್ಪಷ್ಟವಾಗಿ ಬರೆದುಕೊಂಡಿದ್ದೆ. ಪಕ್ಕದಲ್ಲೇ, ನನ್ನದೇ ಅಕ್ಷರದಲ್ಲಿ: "ಸುಲಭ. ನೆನಪಿರುತ್ತದೆ."